ನೆಲಸಂಪಿಗೆಯ ಮೇಲಿನ ಮುಳ್ಳು

“ಅಜ್ಜಯ್ಯ, ನಾನು ಇನ್ನೂ ಏನು ಮಾಡಬೇಕು? ನೀವು ಹೇಳಿದ್ದನ್ನೆಲ್ಲ ಮಾಡಿದೆ. ಹೇಳದೆ ಇದ್ದದ್ದನ್ನೂ ಮಾಡಿದೆ. ಆದರೂ ನನ್ನೊಳಗೆ ಏನೂ ಮೂಡಲಿಲ್ಲ. ಯಾಕೆ?”

ಹೀಗೆ ಕೇಳಿದವನು ದುರುಗಪ್ಪ. ಗುಡ್ಡದ ಮಠಕ್ಕೆ ಬರುವ ಮುಂಚೆ ಅವನು ಕಲ್ಲು ಒಡೆಯುತ್ತಿದ್ದ. ಬೆಳಗ್ಗೆ ಬಂಡೆಯ ಮುಂದೆ ಕೂತರೆ, ಎಷ್ಟು ಸೀಳಿದೆ ಎಂಬುದು ಸಂಜೆಗೆ ಕಣ್ಣಿಗೆ ಕಾಣುತ್ತಿತ್ತು. ಮಠಕ್ಕೆ ಬಂದ ಮೇಲೆ ಧ್ಯಾನಕ್ಕೂ ಹಾಗೆಯೇ ಕೂತ, ಹಲ್ಲು ಕಚ್ಚಿಕೊಂಡು. ಉಪವಾಸ ಮಾಡಿದ. ಮೌನ ಹಿಡಿದ. ಚಳಿಯಲ್ಲಿ ತಣ್ಣೀರು ಸುರಿದುಕೊಂಡ. ದಿನಾ ಬೆಳಗಾದರೆ ಗುರುಗಳಾದ ಅಜ್ಜಯ್ಯನ ಮುಂದೆ ನಿಂತು, “ಏನಾದರೂ ಮೂಡಿದೆಯಾ, ನೋಡಿ ಹೇಳಿ” ಎಂದು ಕೇಳುತ್ತಿದ್ದ. ಅಜ್ಜಯ್ಯ ದಿನಾ “ಊಟ ಮಾಡು ಹೋಗು” ಎನ್ನುತ್ತಿದ್ದರು.

ಇವತ್ತು ಅವನು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಉತ್ತರ ಸಿಕ್ಕರೆ ಇರುವುದು, ಇಲ್ಲದಿದ್ದರೆ ಹೋಗಿ ಮತ್ತೆ ಸುತ್ತಿಗೆ ಹಿಡಿಯುವುದು. ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಅಜ್ಜಯ್ಯ ಮಧ್ಯಾಹ್ನದ ಊಟಕ್ಕೆ ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಾ ಕೂತಿದ್ದರು. ಗಂಟನ್ನು ನೋಡಿದರು, ಅವನ ಮುಖವನ್ನೂ ನೋಡಿದರು.

“ಗಂಟು ಅಲ್ಲೇ ಇರಲಿ, ಅದಕ್ಕೇನು ಕಾಲು ಬರುವುದಿಲ್ಲ. ಕೂತುಕೊ. ಈ ಎಲೆಗಳನ್ನು ಒರೆಸಿ ಒರೆಸಿ ಕೊಡು. ಒಂದು ಕತೆ ಹೇಳುತ್ತೇನೆ. ಕೇಳಿಸಿಕೊಂಡು ಆಮೇಲೆ ಬೇಕಾದರೆ ಹೋಗುವೆಯಂತೆ. ಒಂದೇ ಮಾತು. ನಡುವೆ ಬಾಯಿ ಹಾಕಬೇಡ.”

“ಹಾಕುವುದಿಲ್ಲ” ಎಂದ ದುರುಗಪ್ಪ. ಒದ್ದೆ ಬಟ್ಟೆ ಹಿಡಿದು ಎಲೆ ಒರೆಸಲು ಕೂತ.

ಅಜ್ಜಯ್ಯ ಹೇಳಿದ ಕತೆ ಇದು.

ಒಂದು ಊರಿನಲ್ಲಿ ನೆಲದಮ್ಮ ಎಂಬ ದೇವಿ ಇದ್ದಳು. ಅವಳ ಮೈಯೆಲ್ಲ ನೆಲದೊಳಗೆ. ಮುಖ ಮಾತ್ರ ನೆಲದ ಮೇಲೆ. ಅವಳ ಹಣೆಗೆ ಕುಂಕುಮ ಇಡಬೇಕೆಂದರೆ ಊರ ಗೌಡನಾದರೂ ಸರಿ, ಎಂಥ ಸಿರಿವಂತನಾದರೂ ಸರಿ, ಎದೆ ನೆಲಕ್ಕೆ ತಾಗುವ ಹಾಗೆ ಬಗ್ಗಬೇಕು. ವೈಶಾಖದ ಮೊದಲ ಮಂಗಳವಾರ ಅವಳಿಗೆ ಹೂ ಮುಡಿಸುವುದು ಪದ್ಧತಿ. ಅದಕ್ಕೆ ಮರದ ಹೂ ಆಗದು, ಬಳ್ಳಿಯ ಹೂ ಆಗದು. ಅವೆಲ್ಲ ಅವಳಿಗಿಂತ ಎತ್ತರದಲ್ಲಿ ಅರಳಿದ ಹೂಗಳು. ಅವಳ ಹಾಗೆಯೇ ನೆಲ ಸೀಳಿ ಮುಖ ತೋರಿಸುವ ಹೂವೇ ಆಗಬೇಕು. ಅದು ನೆಲಸಂಪಿಗೆ.

ನೆಲಸಂಪಿಗೆಯದು ಒಂದು ವಿಚಿತ್ರ ಸ್ವಭಾವ. ಎಲೆ ಇದ್ದಾಗ ಹೂ ಇರುವುದಿಲ್ಲ, ಹೂ ಇದ್ದಾಗ ಎಲೆ ಇರುವುದಿಲ್ಲ. ಮಳೆಗಾಲವೆಲ್ಲ ಅಗಲ ಎಲೆ ಬಿಟ್ಟು ಜಂಬದಿಂದ ನಿಲ್ಲುತ್ತದೆ. ಚಳಿ ಬಂದರೆ ಎಲೆಯೆಲ್ಲ ಒಣಗಿ ಮಣ್ಣಾಗುತ್ತದೆ. ಆಮೇಲೆ ಪಾತಿಯನ್ನು ನೋಡಿದರೆ, ಅಲ್ಲಿ ಏನಾದರೂ ಇತ್ತು ಎಂದು ಹೇಳಿದರೂ ಯಾರೂ ನಂಬುವುದಿಲ್ಲ. ಗೆಡ್ಡೆ ಮಾತ್ರ ಮಣ್ಣಿನೊಳಗೆ ಇರುತ್ತದೆ. ಬೇಸಗೆಯಲ್ಲಿ, ಒಂದು ಹಸಿರು ಕಡ್ಡಿಯೂ ಇಲ್ಲದ ಬೋಳು ನೆಲದಲ್ಲಿ, ಬಿಳಿ-ನೇರಳೆ ಹೂ ತಟ್ಟನೆ ಎದ್ದು ಕೂರುತ್ತದೆ. ಘಮ ಬೇಕೆಂದರೆ ನೆಲಕ್ಕೆ ಬಗ್ಗಿ ಮೂಸಬೇಕು.

ಆ ಹೂವನ್ನು ಬೆಳೆದು ಕೊಡುವ ಹಕ್ಕು ಊರಲ್ಲಿ ಒಂದು ಹೂಗಾರರ ಮನೆಗೆ ಇತ್ತು. ಹಿತ್ತಲಲ್ಲಿ, ಹೊಂಗೆ ಮರದ ನೆರಳಲ್ಲಿ, ಒಂದೇ ಒಂದು ಪಾತಿ. ಅದನ್ನು ನೋಡಿಕೊಳ್ಳುತ್ತಿದ್ದವಳು ಆ ಮನೆಯ ಅತ್ತೆ. ಮಂಗಳವಾರ ಬೆಳಗ್ಗೆ ಬಾಳೆಯೆಲೆಯಲ್ಲಿ ಹೂ ಸುತ್ತಿಕೊಂಡು ಅವಳು ಹೊರಟರೆ ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು. ವರ್ಷವೆಲ್ಲ “ಏ ಹೂವಿನವಳೇ” ಎಂದು ಕೂಗುವ ಬಾಯಿಗಳು ಅವತ್ತು “ಅಮ್ಮಾ, ಬಾ” ಎನ್ನುತ್ತಿದ್ದವು. ಒಂದು ಬೆಳಗ್ಗೆಯ ಮಾನ ಅದು. ಆ ಮನೆ ವರ್ಷವಿಡೀ ಅದರ ಮೇಲೇ ತಲೆ ಎತ್ತಿಕೊಂಡು ತಿರುಗುತ್ತಿತ್ತು.

ಅತ್ತೆಗೆ ಇಬ್ಬರು ಸೊಸೆಯರು. ಹಿರಿಯವಳು ನಿಧಾನಿ. ಕೂತರೆ ಏಳಲು ಒಂದು ಕಾರಣ ಬೇಕು. ಕಿರಿಯವಳಿಗೆ ಕೂರಲು ಕಾರಣ ಬೇಕು. ಕೈಗೆ ಕೆಲಸ ಸಿಗದಿದ್ದರೆ ಗುಡಿಸಿದ ಅಂಗಳವನ್ನೇ ಇನ್ನೊಂದು ಸಲ ಗುಡಿಸುವವಳು. ಅಂಥವರು ಇರುತ್ತಾರೆ ದುರುಗಪ್ಪ, ನೀನೂ ಎಲ್ಲೋ ನೋಡಿರುತ್ತೀಯ.

ಅತ್ತೆ ಹಾಸಿಗೆ ಹಿಡಿದಾಗ ಕಿರಿಯವಳನ್ನು ಹತ್ತಿರ ಕರೆದಳು. “ಪಾತಿ ಇನ್ನು ನಿನ್ನದು” ಎಂದಳು. ಹಿರಿಯವಳನ್ನು ಬಿಟ್ಟು ನನಗೇ ಕೊಟ್ಟರಲ್ಲ ಎಂದು ಕಿರಿಯವಳ ಕಣ್ಣು ತುಂಬಿ ಬಂತು. ಅತ್ತೆ ಕೆಲಸ ಹೇಳಿಕೊಟ್ಟಳು. ಮಳೆಗಾಲದಲ್ಲಿ ಹಟ್ಟಿಗೊಬ್ಬರ ಹಾಕಬೇಕು, ಕಳೆ ಕೀಳಬೇಕು, ನೀರು ನಿಲ್ಲದಂತೆ ಕಾಲುವೆ ತೆಗೆಯಬೇಕು. ಮೈ ಬಗ್ಗಿಸಿ ಮಾಡಬೇಕಾದದ್ದೆಲ್ಲ ಆಗಲೇ. ಕೊನೆಗೆ ಹೇಳಿದಳು:

“ದೀಪಾವಳಿ ಕಳೆದ ಮೇಲೆ ಪಾತಿಯ ಮೇಲೆ ಜಾಲಿಯ ಮುಳ್ಳು ಹೊದಿಸು. ದಪ್ಪವಾಗಿ ಹೊದಿಸು. ಬೇಸಗೆಯ ಮಳೆ ಬಿದ್ದು ನೆಲ ತಣಿದ ಮೇಲೆ ತೆಗಿ. ಅದಕ್ಕೆ ಮುಂಚೆ ಯಾರು ಏನೇ ಹೇಳಿದರೂ ತೆಗೆಯಬೇಡ.”

“ಮುಳ್ಳು ಯಾಕತ್ತೆ? ಕೋಳಿ ಕೆದಕುತ್ತವೆ ಅಂತಲೇ?”

ಅಷ್ಟು ನೋವಿನಲ್ಲೂ ಅತ್ತೆಗೆ ನಗು ಬಂತು. “ಹೂಂ, ಕೋಳಿಗೇ” ಎಂದಳು.

ಅತ್ತೆ ಹೋದಳು. ಕಿರಿಯವಳು ಅತ್ತೂ ಅತ್ತು, ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿದಳು. ಅತ್ತೆ ಬೆಳೆದದ್ದಕ್ಕಿಂತ ಹೆಚ್ಚು ಬೆಳೆಯುತ್ತೇನೆ ಎಂದು ಹಟ ತೊಟ್ಟಳು. ಬುದ್ಧಿವಂತೆ ಬೇರೆ. ಮುಳ್ಳು ಇರುವುದು ಕೋಳಿಗೆ ತಾನೆ? ಕೋಳಿಯನ್ನೇ ಕೂಡಿಹಾಕಿದರೆ ಮುಳ್ಳು ಯಾತಕ್ಕೆ? ಬಿದಿರು ಸೀಳಿ, ಗಟ್ಟಿಮುಟ್ಟಾದ ಗೂಡು ಕಟ್ಟಿದಳು. ಕೋಳಿಗಳು ಒಳಗೆ ಹೋದವು. ಹಿತ್ತಲು ಹಸನಾಯಿತು. ನೋಡಿದವರೆಲ್ಲ ಭೇಷ್ ಎಂದರು.

ದೀಪಾವಳಿ ಕಳೆಯಿತು. ಎಲೆ ಹಳದಿಯಾಗತೊಡಗಿತು. ಮುಳ್ಳಿನ ಹೊದಿಕೆ ಇದ್ದಿದ್ದರೆ ಅದು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಬಿತ್ತು. ಅತ್ತೆಯ ಕೈಯಲ್ಲಿ ಬದುಕಿದ್ದು ನನ್ನ ಕೈಯಲ್ಲಿ ಒಣಗುತ್ತಿದೆಯೇ? ಬೇಲಿಯಾಚೆ ಹೋಗುತ್ತಿದ್ದ ಒಬ್ಬಳು, “ಏನೇ, ನಿಮ್ಮತ್ತೆ ಹೋದದ್ದೇ ತಡ, ಪಾತಿಗೆ ಒಂದು ತಂಬಿಗೆ ನೀರಿಗೂ ಗತಿ ಇಲ್ಲವಾ?” ಎಂದಳು. ಆ ಮಾತು ನಾಟಿತು. ಅವತ್ತಿನಿಂದ ಕೊಡಪಾನ ಹೊತ್ತು ನೀರು ಹಾಕಿದಳು. ಚಳಿಗಾಲವೆಲ್ಲ ಹಾಕಿದಳು. ಒಣ ನೆಲದಲ್ಲಿ ನಿದ್ದೆ ಮಾಡಬೇಕಾದ ಗೆಡ್ಡೆ ಕೆಸರಿನಲ್ಲಿ ನೆನೆಯಿತು. ಒಂದಷ್ಟು ಕೊಳೆಯಿತು. ಉಳಿದದ್ದು ಬದುಕಿತು, ಆದರೆ ಹೂ ಬಿಡಲಿಲ್ಲ. ಮಂಗಳವಾರ ಅವಳು ಬರಿಗೈಯಲ್ಲಿ ಹೋದಳು. ಪೂಜಾರಿ ವಯಸ್ಸಾದವನು, ಒಳ್ಳೆಯವನು. “ಹೊಸ ಕೈ. ಇರಲಿ” ಎಂದು ಕುಂಕುಮ ಇಟ್ಟು ಪೂಜೆ ಮುಗಿಸಿದ.

ಮರುವರ್ಷ ಅವಳ ಹಟ ಇಮ್ಮಡಿಯಾಯಿತು. ನೀರು ಹಾಕಿದ್ದು ಸಾಲದಾಯಿತೇನೋ ಎಂದು ಗೊಬ್ಬರವನ್ನೂ ಹಾಕಿದಳು. ಅದೂ ಸಾಲದೆ ಅನುಮಾನ ಹುಟ್ಟಿತು. ಒಳಗೆ ಗೆಡ್ಡೆ ಜೀವಂತ ಇದೆಯೋ ಇಲ್ಲವೋ? ಒಂದು ಕಡ್ಡಿ ತೆಗೆದುಕೊಂಡು ಮೆಲ್ಲಗೆ ಕೆದಕಿ ನೋಡಿದಳು. ಬೆರಳುಗುರಿನಷ್ಟು ಬಿಳಿ ಮೊಳಕೆ ಕಂಡಿತು. ಅಬ್ಬಾ! ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಣ್ಣು ಮುಚ್ಚಿದಳು. ಮರುದಿನ, ಎಷ್ಟು ಬೆಳೆದಿದೆ ನೋಡೋಣ ಎಂದು ಮತ್ತೆ ಕೆದಕಿದಳು. ಅದರ ಮರುದಿನವೂ ಕೆದಕಿದಳು. ಕಡ್ಡಿಯ ತುದಿ ತಾಗಿ ಯಾವ ಮೊಳಕೆ ಯಾವಾಗ ಮುರಿಯಿತೋ ಅವಳಿಗೆ ಗೊತ್ತಾಗಲೇ ಇಲ್ಲ. ಆ ವರ್ಷವೂ ಹೂ ಇಲ್ಲ. ಮಳೆ ಬಂದ ಮೇಲೆ ಎಲೆ ಮಾತ್ರ ಎದ್ದವು, ಆಳೆತ್ತರ ಏಳುತ್ತೇವೆ ಎನ್ನುವ ಹಾಗೆ.

ಆ ವೈಶಾಖದ ಮಂಗಳವಾರ ಅವಳಿಗೆ ಯಾರೂ ದಾರಿ ಬಿಡಲಿಲ್ಲ. ಅವಳೇ ಜನರ ನಡುವೆ ನುಸುಳಿಕೊಂಡು ಹೋದಳು. ಗೌಡ ಎಲ್ಲರ ಮುಂದೆ ಹೇಳಿಬಿಟ್ಟ:

“ಎರಡು ವರ್ಷದಿಂದ ಅಮ್ಮನ ಮುಡಿ ಬೋಳು. ಮುಂದಿನ ವರ್ಷವೂ ಹೀಗೇ ಆದರೆ ಹಕ್ಕು ಕೆರೆಯಾಚೆಯ ಹೂಗಾರರಿಗೆ ಹೋಗುತ್ತದೆ. ಬೇಜಾರು ಮಾಡಿಕೊಳ್ಳಬೇಡ.”

ಅವಳು ತಿರುಗಿ ನಡೆದಳು. ಮನೆಗೆ ಬಂದು ಹೊಂಗೆ ಮರದ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಲೆತಲಾಂತರದಿಂದ ಬಂದದ್ದನ್ನು ಕಳೆದವಳು ನಾನು ಎಂದಾಗಬೇಕೇ? ಸೋಮಾರಿಯೊಬ್ಬಳು ಕಳೆದಿದ್ದರೆ ಜನ ಒಪ್ಪಿಕೊಂಡಾರು. ಇಷ್ಟು ಮೈ ಮುರಿದು ದುಡಿದವಳು ಕಳೆದರೆ ಯಾರಿಗೆ ಹೇಳುವುದು?

ಮಳೆಗಾಲದಲ್ಲಿ ಒಂದು ದಿನ ಅವಳು ನಾಚಿಕೆ ಬಿಟ್ಟು ಹಿರಿಯವಳ ಹತ್ತಿರ ಹೋದಳು. ಹಿರಿಯವಳು ಜಗುಲಿಯ ಮೇಲೆ ಕಾಲು ಚಾಚಿ ಕೂತು ತಲೆಗೆ ಎಣ್ಣೆ ಹಾಕಿಕೊಳ್ಳುತ್ತಿದ್ದಳು.

“ಅಕ್ಕಾ, ನೀನು ಅತ್ತೆಯ ಜೊತೆ ನನಗಿಂತ ಹೆಚ್ಚು ವರ್ಷ ಇದ್ದವಳು. ಅತ್ತೆ ಮಾಡುತ್ತಿದ್ದದ್ದು, ನಾನು ಮಾಡದೆ ಇದ್ದದ್ದು ಏನಾದರೂ ಇದೆಯಾ?”

“ಮುಳ್ಳು ಹಾಕುತ್ತಿದ್ದರು. ನೀನು ಹಾಕಿದ್ದು ನೋಡಲಿಲ್ಲ.”

“ಕೋಳಿ ಗೂಡಿನಲ್ಲಿವೆಯಲ್ಲ ಅಕ್ಕಾ.”

ಹಿರಿಯವಳು ಎಣ್ಣೆ ಹಚ್ಚುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. “ಲೇ ಹುಚ್ಚಿ, ಆ ಕೋಳಿ ನೀನು ಮದುವೆಯಾಗಿ ಬರುವಾಗ ನಿನ್ನ ತವರಿಂದ ತಂದ ಕೋಳಿಯ ಸಂತಾನ. ಅದಕ್ಕೆ ಮುಂಚೆ ಈ ಹಿತ್ತಲಲ್ಲಿ ಕೋಳಿಯ ಪುಕ್ಕವೂ ಇರಲಿಲ್ಲ. ಮುಳ್ಳು ಮಾತ್ರ ನಾನು ಬಂದ ದಿನದಿಂದ ಇತ್ತು.”

ಕಿರಿಯವಳು ಹಿತ್ತಲ ಕಡೆ ತಿರುಗಿ ನೋಡಿದಳು. ಹಾಗಾದರೆ ಮುಳ್ಳು ಯಾರಿಗೆ? ದನವಂತೂ ಆ ಮನೆಯಲ್ಲಿ ಇರಲಿಲ್ಲ. ನಾಯಿ ಇರಲಿಲ್ಲ. ಹಿತ್ತಲಿಗೆ ಗಟ್ಟಿ ಬೇಲಿ ಇತ್ತು. ಎಷ್ಟು ಯೋಚಿಸಿದರೂ ತಲೆಗೆ ಹೊಳೆಯಲಿಲ್ಲ. ಹೊಳೆಯದಿದ್ದರೆ ಬೇಡ, ಅತ್ತೆ ಹೇಳಿದ ಹಾಗೆ ಮಾಡಿಬಿಡುತ್ತೇನೆ ಎಂದುಕೊಂಡಳು. ಮಳೆಗಾಲದ ಕೆಲಸವನ್ನೆಲ್ಲ ಒಂದೂ ಬಿಡದೆ ಮಾಡಿದಳು. ದೀಪಾವಳಿ ಕಳೆದ ಮೇಲೆ ಜಾಲಿಯ ಕೊಂಬೆ ಕಡಿದು ತಂದು ಪಾತಿಯ ಮೇಲೆ ಹೊದಿಸಿದಳು.

ಆಮೇಲೆ ಶುರುವಾಯಿತು ನೋಡು, ಅವಳ ಪಾಡು.

ನೀರು ಹೊತ್ತ ಹೆಗಲಿಗೆ ಕೆಲಸವಿಲ್ಲ. ಕೆದಕಿದ ಬೆರಳಿಗೆ ಕೆಲಸವಿಲ್ಲ. ಬೆಳಗ್ಗೆ ಎದ್ದರೆ ಕಾಲು ತಾನಾಗಿಯೇ ಹಿತ್ತಲಿಗೆ ಹೋಗುತ್ತಿತ್ತು. ಹೋಗಿ ನೋಡಿದರೆ ಮುಳ್ಳು. ಬೇಲಿಯಾಚೆಯವಳು ಬಿಡುತ್ತಾಳೆಯೇ? “ಏನೇ, ಕೈ ತೊಳೆದುಕೊಂಡುಬಿಟ್ಟೆಯಾ? ಕೆರೆಯಾಚೆಯವರಿಗೆ ಈಗಲೇ ಹೇಳಿ ಕಳಿಸಲಾ?” ಎಂದಳು. ಗಂಡನೂ ಒಂದು ದಿನ, “ಒಂದು ಕೊಡಪಾನ ನೀರಾದರೂ ಹಾಕಬಾರದೇನೇ? ಕೂತು ಕಳೆದಳು ಎಂದು ಜನ ಆಡಿಕೊಳ್ಳುವುದಿಲ್ಲವಾ?” ಎಂದ. ದುಡಿದೂ ದಕ್ಕದ್ದಕ್ಕೆ ಮೊದಲು ಅತ್ತಿದ್ದಳು. ಈಗ ದುಡಿಯದೆ ಇರುವುದಕ್ಕೆ ಅಳು ಬಂತು. ಯಾವುದು ಹೆಚ್ಚು ಕಷ್ಟ ಎಂದು ಅವಳನ್ನೇ ಕೇಳಬೇಕಿತ್ತು.

ಚೈತ್ರ ಬಂತು. ಒಂದು ಬೆಳಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಒಂದೇ ಒಂದು ಸಲ, ಒಂದೇ ಒಂದು ಗೆಡ್ಡೆಯನ್ನು ಮುಟ್ಟಿ ನೋಡಿ ಬಿಟ್ಟುಬಿಡುತ್ತೇನೆ ಎಂದು ಮುಳ್ಳಿನ ನಡುವೆ ಕೈ ತೂರಿಸಿದಳು. ಮೊಣಕೈವರೆಗೆ ಹೋಯಿತು. ಆಮೇಲೆ ಅತ್ತ ಹೋಗದು, ಇತ್ತ ಬಾರದು. ಎಳೆದುಕೊಂಡಳು. ಕೈಯೆಲ್ಲ ಗೀರಿ ರಕ್ತ ಬಂತು.

ಹಿರಿಯವಳು ಅರಿಶಿನ ಕಲಸಿಕೊಂಡು ಬಂದು, ಬೈಯುತ್ತಲೇ ಗೀರಿನ ಮೇಲೆ ಹಚ್ಚಿದಳು. ಹಚ್ಚುತ್ತಾ ಹಚ್ಚುತ್ತಾ ಅವಳ ಕೈ ನಿಧಾನವಾಯಿತು.

“ಇದೇನೇ, ಅತ್ತೆಗೂ ಹೀಗೇ ಹಚ್ಚುತ್ತಿದ್ದೆನಲ್ಲ! ಪ್ರತಿ ಬೇಸಗೆ. ಇದೇ ಜಾಗ, ಮೊಣಕೈವರೆಗೆ. ಕೇಳಿದರೆ ಕಟ್ಟಿಗೆ ತರುವಾಗ ತರಚಿತು ಅನ್ನುತ್ತಿದ್ದರು.”

“ಅತ್ತೆ ಯಾವತ್ತು ಕಟ್ಟಿಗೆ ತಂದರು ಅಕ್ಕಾ? ಕಟ್ಟಿಗೆ ತರುತ್ತಿದ್ದವಳು ನಾನು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿರಿಯವಳಿಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು. “ಅಯ್ಯೋ ಅತ್ತೆ! ನಿಮಗೂ ತಡೆಯಲಾಗುತ್ತಿರಲಿಲ್ಲವೇ!” ಎಂದು ಅರಿಶಿನದ ಕೈಯನ್ನೇ ಎದೆಗೆ ಒತ್ತಿಕೊಂಡಳು. ಕೋಳಿ ಯಾವುದು ಎಂದು ಅವಳಿಗೆ ಅವತ್ತು ಗೊತ್ತಾಯಿತು. ಹಿರಿಯವಳನ್ನು ಬಿಟ್ಟು ತನಗೆ ಯಾಕೆ ಪಾತಿ ಕೊಟ್ಟರು ಎಂಬುದೂ ಗೊತ್ತಾಯಿತು. ಮಳೆಗಾಲದಲ್ಲಿ ಮೈ ಮುರಿದು ದುಡಿಯಲು ಸುಮ್ಮನಿರದ ಕೈಯೇ ಬೇಕು. ಅಂಥ ಕೈಗೆ ಬೇಸಗೆಯಲ್ಲಿ ಮುಳ್ಳು ಬೇಕು.

ಅವಳು ಎದ್ದು ಹೋಗಿ ಇನ್ನೊಂದು ಹೊರೆ ಜಾಲಿ ಕಡಿದು ತಂದಳು. ಮೊದಲಿನದರ ಮೇಲೆ ಹೊದಿಸಿದಳು. ಅವಳ ಹಟ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ, ತಿಳಿಯಿತೇ? ಹಟ ಅದೇ. ಮೊದಲು ಪಾತಿಯ ಮೇಲೆ ಹಿಡಿದಿದ್ದಳು, ಈಗ ತನ್ನ ಮೇಲೆ ಹಿಡಿದಳು.

ವೈಶಾಖ ಬಂತು. ಮಳೆ ಬರಲಿಲ್ಲ. ಮೋಡ ಕವಿಯುತ್ತಿತ್ತು, ಚದುರುತ್ತಿತ್ತು. ಸೋಮವಾರ ಅವಳು ತುಂಬಿದ ಕೊಡಪಾನ ಹೊತ್ತು ಪಾತಿಯ ಹತ್ತಿರ ಬಂದು ನಿಂತಳು. ಮುಳ್ಳಿನ ಮೇಲೆ ನೀರು ಸುರಿದರೆ ಮುಳ್ಳು ತಡೆಯುವುದಿಲ್ಲವಲ್ಲ. ನಾಳೆ ಎಲ್ಲ ಮುಗಿದುಹೋಗುತ್ತದೆ. ನಿಂತೇ ಇದ್ದಳು. ಹೆಗಲು ನೊಂದಿತು. ಕೊನೆಗೆ ಆ ಕೊಡವನ್ನು ಹಾಗೆಯೇ ಹೊತ್ತುಕೊಂಡು ಬೇಲಿ ದಾಟಿ ಹೋಗಿ, ಅಣಕಿಸುತ್ತಿದ್ದವಳ ಮನೆಯ ನೀರಿನ ಬಾನಿಗೆ ಸುರಿದು ಬಂದಳು. ಆ ಹೆಂಗಸು ಬಾಯಿ ಬಿಟ್ಟುಕೊಂಡು ನೋಡಿದಳು.

ಮಂಗಳವಾರ ಬೆಳಗ್ಗೆ ನೆಲದಮ್ಮನ ಗುಡಿಯ ಮುಂದೆ ಊರು ಸೇರಿತ್ತು. ಕೆರೆಯಾಚೆಯ ಹೂಗಾರ ಗೆಡ್ಡೆ ಒಯ್ಯಲೆಂದು ಖಾಲಿ ಬುಟ್ಟಿ ಹಿಡಿದು ಒಂದು ಪಕ್ಕ ನಿಂತಿದ್ದ. ಕಿರಿಯವಳು ಬರಿಗೈಯಲ್ಲಿ ಬಂದಳು.

“ಹೂ ಎಲ್ಲಿ?” ಎಂದ ಗೌಡ.

“ತಂದಿಲ್ಲ.”

“ಬಿಟ್ಟಿಲ್ಲವೋ, ತಂದಿಲ್ಲವೋ?”

“ಗೊತ್ತಿಲ್ಲ ಗೌಡರೇ. ನೋಡಿಲ್ಲ. ಮಳೆ ಬೀಳದೆ ಮುಳ್ಳು ತೆಗೆಯುವುದಿಲ್ಲ.”

ಜನ ಗೊಳ್ಳೆಂದರು. “ಎಂಥಾ ಹೆಂಗಸಪ್ಪ! ಹೂ ಅರಳಿದ್ದರೂ ಅರಳಿರಬಹುದು. ಹೋಗಿ ನೋಡಿಕೊಂಡಾದರೂ ಬಾ” ಎಂದು ಯಾರೋ ಕೂಗಿದರು.

“ನೋಡುವುದಿಲ್ಲ” ಎಂದಳು. “ಮಳೆ ಬಿದ್ದು ನೆಲ ತಣಿಯಲಿ. ಆಗ ನಿಮ್ಮೆಲ್ಲರ ಎದುರಿಗೇ ತೆಗೆಯುತ್ತೇನೆ. ಹೂ ಇಲ್ಲದಿದ್ದರೆ ಗೆಡ್ಡೆಯನ್ನೆಲ್ಲ ಉಡಿಯಲ್ಲಿ ಕಟ್ಟಿ, ನಾನೇ ಕೆರೆಯಾಚೆ ಹೋಗಿ ಕೊಟ್ಟು ಬರುತ್ತೇನೆ.”

ಗೌಡ ರೇಗಿಕೊಂಡ. ಮುಹೂರ್ತ ಮೀರುತ್ತದೆ ಎಂದ. ಅಷ್ಟರಲ್ಲಿ ಪೂಜಾರಿ ನೆಲದಿಂದ ಎದ್ದು ಬಂದು ಅವಳ ಕೈ ಹಿಡಿದು ನೋಡಿದ. ಮೊಣಕೈವರೆಗೆ ಗೀರು. ಕೆಲವು ಮಾಗಿದ್ದವು, ಒಂದೆರಡು ಹಸಿ ಇದ್ದವು.

“ಇಂಥ ಕೈಯನ್ನು ಎಷ್ಟೋ ವರ್ಷ ನೋಡಿದ್ದೇನೆ” ಎಂದ ಅವನು. “ಹೂ ಹಿಡಿದು ಬರುತ್ತಿದ್ದ ಇವಳತ್ತೆಯ ಕೈ ಹೀಗೇ ಇರುತ್ತಿತ್ತು. ಗೌಡರೇ, ನೆಲದೊಳಗೆ ಕೂತವಳಿಗೆ ಎಂಥ ಅವಸರ? ಮಳೆಯವರೆಗೂ ಮುಡಿ ಖಾಲಿ ಇರಲಿ. ಆಮೇಲೆ ನೋಡೋಣ.”

ಆ ವಾರವೇ ಭರಣಿ ಮಳೆ ಬಂತು. ದೊಡ್ಡ ಹನಿಯ ಮಳೆ. ಹೊಂಗೆ ಮರ ತೊಯ್ದು ತೊಟ್ಟಿಕ್ಕಿತು, ಕಾದ ನೆಲ ಹಬೆಯಾಡಿತು. ಜನ ಮಳೆ ನಿಂತದ್ದೇ ಹಿತ್ತಲಿಗೆ ಓಡಿ ಬಂದರು. “ತೆಗಿ, ತೆಗಿ” ಎಂದರು. ಅವಳು ಬಗ್ಗಿ ನೆಲಕ್ಕೆ ಅಂಗೈ ಒತ್ತಿ ನೋಡಿದಳು. “ಇನ್ನೂ ಬಿಸಿ ಇದೆ. ನಾಳೆ ಬನ್ನಿ” ಎಂದು ಎಲ್ಲರನ್ನೂ ಹಿಂದಕ್ಕೆ ಕಳಿಸಿಬಿಟ್ಟಳು. ಗೌಡನೂ ಹಿಂದಕ್ಕೆ ಹೋದ. ಬೇರೆ ದಾರಿ ಏನಿತ್ತು?

ಮರುದಿನವೂ ಮಳೆ ಬಂತು. ಅದರಾಚೆಯ ಬೆಳಗ್ಗೆ ನೆಲ ತಣ್ಣಗೆ ತಾಗಿತು. ಬೇಲಿಯ ಸುತ್ತ ಊರೇ ನಿಂತಿತ್ತು. ಕೆರೆಯಾಚೆಯ ಹೂಗಾರ ನಿಂತಿದ್ದ. ಪೂಜಾರಿ ನಿಂತಿದ್ದ. ಹಿರಿಯವಳು, ಒಮ್ಮೆಯೂ ಓಡದವಳು, ಓಡಿ ಬಂದು ಮುಂದೆ ನಿಂತಿದ್ದಳು. ಕಿರಿಯವಳು ಅವಸರ ಮಾಡಲಿಲ್ಲ. ಮೇಲಿನ ಕೊಂಬೆ ಎತ್ತಿ ಪಕ್ಕಕ್ಕೆ ಇಟ್ಟಳು. ಅದರ ಕೆಳಗಿನದನ್ನು ಎತ್ತಿದಳು. ಒಂದರೊಳಗೆ ಒಂದು ಸಿಕ್ಕಿಕೊಂಡಿದ್ದವು. ಬಿಡಿಸಿ ಬಿಡಿಸಿ ಇಟ್ಟಳು. ಬೆರಳಿಗೆ ಮುಳ್ಳು ಚುಚ್ಚಿತು. ಲೆಕ್ಕಿಸಲಿಲ್ಲ. ಕೊನೆಗೆ ಪಾತಿಯನ್ನು ಮುಚ್ಚಿದ್ದ ಒಂದೇ ಅಗಲ ಕೊಂಬೆ ಉಳಿಯಿತು. ಅವಳು ಅತ್ತೆಯನ್ನು ನೆನೆದಳು. ಎರಡು ಕೈಯಿಂದ ಕೊಂಬೆಯನ್ನು ಹಿಡಿದಳು. ಎತ್ತಿದಳು.

ಅಜ್ಜಯ್ಯ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಮುತ್ತುಗದ ಎಲೆ ಎತ್ತಿಕೊಂಡರು. ಅದರ ತೊಟ್ಟು ಮುರಿದರು. ಕಡ್ಡಿ ಸೀಳಿದರು. ಒಂದು ಹೊಲಿಗೆ ಹಾಕಿದರು, ಇನ್ನೊಂದು ಹಾಕಿದರು. ಹಚ್ಚಿದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಾಗಿ, ಕೆಳಗಿಟ್ಟು ಮತ್ತೊಂದಕ್ಕೆ ಕೈ ಹಾಕಿದರು.

ದುರುಗಪ್ಪ ಕಾದ. ಅವನ ಕೈಯಲ್ಲಿದ್ದ ಎಲೆ ಒರೆಸಿ ಒರೆಸಿ ಹರಿದೇ ಹೋಗಿತ್ತು, ಅವನಿಗೆ ಅದು ಗೊತ್ತಾಗಿರಲಿಲ್ಲ. ಪಕ್ಕದಲ್ಲಿದ್ದ ಗಂಟು ಮರೆತುಹೋಗಿತ್ತು. ಅಜ್ಜಯ್ಯನ ಬಾಯನ್ನೇ ನೋಡಿದ. ಅದು ತೆರೆಯುವ ಲಕ್ಷಣ ಕಾಣಲಿಲ್ಲ. ಇನ್ನೂ ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಅವನಿಂದ ಆಗಲಿಲ್ಲ.

“ಅಜ್ಜಯ್ಯ, ಹೂ ಇತ್ತಾ?”

ಅಜ್ಜಯ್ಯ ತಲೆ ಎತ್ತದೆ ಹೇಳಿದರು:

“ಲೇ ದುರುಗಪ್ಪ, ಮತ್ತೆ ಮುಳ್ಳಿನೊಳಗೆ ಕೈ ಹಾಕಿದೆಯಲ್ಲೋ.”